ಸಹಾಯ ಬೇಕು: ಆಗಸ್ಟ್ 15ಕ್ಕೆ ಬಾವುಟದ ರಾಟೆ, ದೊಡ್ಡ ಬಾಣಲೆ (ಬಳ್ಳಾರಿ, ಕೌಲ್ ಬಜಾರ್)

ಎಲ್ಲರಿಗೂ ನಮಸ್ಕಾರ ರೀ. ಓಣಿಯ ಮನೆಮಂದಿ, ಗೆಳೆಯರು ಸೇರಿ 60 ಜನ ಮಾಳಿಗೆ ಮೇಲೆ ಬಾವುಟ ಹಾರಿಸ್ತೀವಿ. 15 ಅಡಿ ಜಿಐ ಪೈಪು, 3 ಅಡಿಗೆ 2 ಅಡಿಯ ಖಾದಿ ಬಾವುಟ ರೆಡಿ ಇವೆ. ಪೈಪಿನ ತುದಿಗೆ ಹಾಕೋ ರಾಟೆ ಯಾರ ಹತ್ರಾದ್ರೂ ಇದ್ರೆ ಕೊಡ್ರಿ. ಗಾಲಿಯ ಕಚ್ಚು ಹಗ್ಗಕ್ಕಿಂತ ಅಗಲ ಇರಲಿ. ಮಳೆ ಬಂದ್ರೆ ನೂಲಿನ ಹಗ್ಗ ನೆಂದು ಉಬ್ಬಿ ಅರ್ಧಕ್ಕೇ ಬಿಗಿಯುತ್ತೆ. ಗಾಲಿಗೂ ಅದರ ಪಕ್ಕದ ಪಟ್ಟಿಗೂ ನಡುವೆ ಸಂದಿ ಇರೋದು ಬೇಡವೇ ಬೇಡ, ಹಗ್ಗ ಜಾರಿ ಅಲ್ಲೇ ಸಿಕ್ಕೊಳ್ಳುತ್ತೆ.

ಹೂ ತುಂಬಿ ಮೇಲೆ ಕಟ್ಟಿಟ್ಟು ಬಿಚ್ಚೋದು ಜನವರಿ 26ರ ಪದ್ಧತಿ. ಆಗಸ್ಟ್ 15ಕ್ಕೆ ಕೆಳಗಿಂದ ಚುರುಕಾಗಿ ಏರಿಸಬೇಕು. ಕೇಸರಿ ಬದಿಯ ಕುಣಿಕೆ ಮೇಲಿರಬೇಕು. ಹಿಂದಿನ ಸಂಜೆ ಹಗ್ಗಕ್ಕೆ ಟವೆಲ್ ಕಟ್ಟಿ ಎರಡು ಸಲ ಏರಿಸಿ ನೋಡ್ತೀವಿ. ಗಂಟು ಗೊತ್ತಿರೋರು ಒಬ್ಬರು ಆಗ ಬಂದ್ರೆ ಬಹಳ ಉಪಕಾರ.

ನಾಷ್ಟಕ್ಕೆ ಮಂಡಾಳು (ಮಂಡಕ್ಕಿ) ಒಗ್ಗರಣೆ-ಮಿರ್ಚಿ. 4 ಕೆಜಿ ಮಂಡಾಳು ಎರಡು ಸಲಕ್ಕೆ ಕಲಸೋವಷ್ಟು ದೊಡ್ಡ ಬಾಣಲೆ ಬೇಕು. ಸಣ್ಣದರಲ್ಲಿ ಒತ್ತಿ ಕಲಸಿದ್ರೆ ನೆಂದ ಮಂಡಾಳು ಮುದ್ದೆ ಆಗುತ್ತೆ. 14ರ ಸಂಜೆ ನಾವೇ ಬಂದು ಒಯ್ದು, 16ರ ಬೆಳಿಗ್ಗೆ ತೊಳೆದು ಮುಟ್ಟಿಸ್ತೀವಿ.