ಮೂರನೇ ತರಗತಿಯ ಮಗಳನ್ನು 25ರಿಂದ ಶಾಲೆಗೆ ಕಳಿಸಲೇ? ಕಳಿಸಿದವರು, ಕಳಿಸದವರು ಅನುಭವ ಹೇಳಿ

ಸಿಂಧನೂರಿನಿಂದ ಒಬ್ಬ ತಾಯಿ, ಅಕ್ಟೋಬರ್ 2021

ಎಲ್ಲರಿಗೂ ನಮಸ್ಕಾರ. ಬರುವ ಸೋಮವಾರ, 25ರಿಂದ, ಒಂದರಿಂದ ಐದನೇ ತರಗತಿ ಶುರು ಅಂತ ಆದೇಶ ಬಂದಿದೆ. ಶಾಲೆಯವರು ಕಳಿಸಿದ ಒಪ್ಪಿಗೆ ಪತ್ರ ಟಿವಿ ಕೆಳಗೆ ಹಾಗೇ ಬಿದ್ದಿದೆ, ಸಹಿ ಮಾಡೋಕೆ ಕೈ ಬರ್ತಿಲ್ಲ.

ನನ್ನ ಮಗಳು ಲೆಕ್ಕಕ್ಕೆ ಮೂರನೇ ತರಗತಿ. ಆದರೆ ಶಾಲೆಯಲ್ಲಿ ಕೂತು ಕಲಿತಿದ್ದು ಒಂದನೇ ತರಗತಿ ಮಾತ್ರ, ಅದೂ 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಶಾಲೆ ಮುಚ್ಚಿ ಅರ್ಧಕ್ಕೆ ನಿಂತಿತು. ಎರಡನೇ ತರಗತಿಯ ಕೋಣೆ ಯಾವುದು ಅಂತ ಅವಳಿಗೆ ಗೊತ್ತಿಲ್ಲ. ಹೋದ ವರ್ಷ ‘ಸಾಲಿ ಯಾವಾಗವ್ವ’ ಅಂತ ದಿನಾ ಕೇಳ್ತಿದ್ದಳು. ಈಗ ಕೇಳೋದನ್ನೇ ಬಿಟ್ಟಿದ್ದಾಳೆ. ಅದೇ ನನಗೆ ಸಂಕಟ.

ಮನೆಯಲ್ಲಿ ಅತ್ತೆ ಇದ್ದಾರೆ, 68 ವರ್ಷ, ಶುಗರ್, ಬಿಪಿ ಎರಡೂ. ಜುಲೈ ಮೊದಲ ವಾರ ಕೋವಿಶೀಲ್ಡ್ ಲಸಿಕೆಯ ಮೊದಲ ಡೋಸ್ ಆಯ್ತು. ಎರಡು ದಿನ ಜ್ವರ ಬಂತು ಅಂತ ಎರಡನೆಯದಕ್ಕೆ ಒಲ್ಲೆ ಅಂತಿದ್ದಾರೆ. ಮೇ ತಿಂಗಳಲ್ಲಿ ನಮ್ಮ ದೊಡ್ಡ ಮಾವನನ್ನು ಕಳಕೊಂಡೆವು. ಆಕ್ಸಿಜನ್ ಬೆಡ್ ಸಿಗದೆ ಎರಡು ಆಸ್ಪತ್ರೆಯ ಬಾಗಿಲಿನಿಂದ ಗಾಡಿ ತಿರುಗಿಸಿಕೊಂಡು ಬಂದವರು ನಮ್ಮ ಯಜಮಾನರೇ. ಆ ರಾತ್ರಿ ಅವರ ಕಣ್ಣ ಮುಂದೆ ಇನ್ನೂ ಹಾಗೇ ಇದೆ. ‘ಇನ್ನೊಂದು ವರ್ಷ ಹೋದ್ರ ಹೋಗ್ಲಿ’ ಅಂತಾರೆ. ಅವರದು ತಪ್ಪು ಅನ್ನೋ ಧೈರ್ಯ ನನಗಿಲ್ಲ, ಸರಿ ಅನ್ನೋ ಮನಸ್ಸೂ ಇಲ್ಲ. ದೊಡ್ಡ ಮಕ್ಕಳನ್ನು ಆಗಲೇ ಕಳಿಸ್ತಿರೋರು ಏನಾಯ್ತು ಅಂತ ಹೇಳಿ.

ಬಳ್ಳಾರಿ, ಕೌಲ್‌ಬಜಾರಿನಿಂದ ಒಬ್ಬ ತಾಯಿ

ಅಕ್ಕ, ನನ್ನ ಮಗ ಎಂಟನೇ ತರಗತಿ. ಸೆಪ್ಟೆಂಬರ್ 6ರಿಂದ ಹೋಗ್ತಿದ್ದಾನೆ. ಎರಡನೇ ವಾರ ಜ್ವರ, ಕೆಮ್ಮು ಬಂತು. ಅವತ್ತು ರಾತ್ರಿ ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಟೆಸ್ಟ್ ಮಾಡಿಸಿದೆ, ನೆಗೆಟಿವ್ ಬಂತು, ಬರೀ ಶೀತ. ಆದರೂ ಐದು ದಿನ ಮನೆಯಲ್ಲೇ ಇಟ್ಟುಕೊಂಡೆ. ಆಗ ಶಾಲೆಯವರು ಯಾರೂ ಹಾಜರಿ ಅಂತ ಕಾಟ ಕೊಡಲಿಲ್ಲ. ಸರ್ಕಾರವೂ ಹಾಜರಿ ಕಡ್ಡಾಯ ಅಲ್ಲ ಅಂದಿದೆ, ಅದನ್ನು ಬಳಸಿಕೊಳ್ಳಿ. ಮೈ ಬೆಚ್ಚಗಿದ್ದರೆ ಆ ದಿನ ಬೇಡ ಅನ್ನೋದು ಅವಳಿಗೂ ಗೊತ್ತಿರಲಿ.

ನಾನು ಮುಖ್ಯವಾಗಿ ಹೇಳಬೇಕಾಗಿದ್ದು ಆಟೋ ವಿಷಯ. ನಾವೆಲ್ಲ ತರಗತಿ ಕೋಣೆಗೆ ಹೆದರ್ತೀವಿ. ಅಲ್ಲಿ ಒಂದು ಬೆಂಚಿಗೆ ಇಬ್ಬರನ್ನು ಕೂರಿಸಿ, ಬಾಗಿಲು ಕಿಟಕಿ ತೆಗೆದಿಟ್ಟಿದ್ದಾರೆ. ಆದರೆ ಮಗ ಹೋಗ್ತಿದ್ದ ಆಟೋದಲ್ಲಿ ಹನ್ನೊಂದು ಮಕ್ಕಳು! ಮಳೆ ಬಂದ ದಿನ ಎರಡೂ ಕಡೆ ತಾಡಪತ್ರಿ ಬಿಟ್ಟುಕೊಂಡು ಅರ್ಧ ಗಂಟೆ ಮುಖಕ್ಕೆ ಮುಖ ಕೊಟ್ಟು ಕೂತಿದ್ದರು. ನೋಡಿ ಎದೆ ಝಲ್ ಅಂತು. ನಾವು ಆರು ಮನೆಯವರು ಸೇರಿ ಬೇರೆ ಆಟೋ ಮಾತಾಡಿಕೊಂಡೆವು. ಬಾಡಿಗೆ ಹೆಚ್ಚಾಗುತ್ತೆ, ನಿಜ. ನಿಮ್ಮ ಶಾಲೆ ನಡೆದು ಹೋಗೋ ದೂರದಲ್ಲಿದ್ದರೆ ನಡೆಸಿಕೊಂಡೇ ಹೋಗಿ.

ಕುಷ್ಟಗಿ ತಾಲ್ಲೂಕಿನಿಂದ ಒಬ್ಬ ಶಿಕ್ಷಕಿ

ತಂಗಿ, ನಾನು ಹಳ್ಳಿಯ ಸರ್ಕಾರಿ ಶಾಲೆಯ ಟೀಚರ್, ಎರಡು ಮಕ್ಕಳ ತಾಯಿ ಕೂಡ. ಸ್ವಲ್ಪ ಉದ್ದ ಬರೀತೀನಿ, ಬೇಸರ ಮಾಡ್ಕೋಬೇಡಿ.

2020ರ ಆಗಸ್ಟಿನಲ್ಲಿ ವಿದ್ಯಾಗಮ, ಅಂದ್ರೆ ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡೋ ಸರ್ಕಾರದ ಯೋಜನೆ, ಶುರುವಾದಾಗ ಗುಡಿಯ ಕಟ್ಟೆ ಮೇಲೆ, ಬೇವಿನ ಗಿಡದ ಬುಡದಲ್ಲಿ ಪಾಠ ಮಾಡಿದೆವು. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ಬಂದ ಸುದ್ದಿ ಅಲ್ಲಲ್ಲಿ ಕೇಳಿಬಂದು ಅಕ್ಟೋಬರಿನಲ್ಲಿ ನಿಲ್ಲಿಸಿದರು. 2021ರ ಜನವರಿ 1ಕ್ಕೆ ಮತ್ತೆ ಶುರು. ಫೆಬ್ರವರಿ 22ಕ್ಕೆ ಆರರಿಂದ ಎಂಟನೇ ತರಗತಿಯವರೂ ಬಂದರು. ಏಪ್ರಿಲ್‌ನಲ್ಲಿ ಎರಡನೇ ಅಲೆ, ಮತ್ತೆ ಬೀಗ. ಒಂದೊಂದು ಸಲ ಮುಚ್ಚಿ ತೆಗೆದಾಗಲೂ ಹಾಜರಿ ಕರೆಯುವಾಗ ‘ಎಸ್ ಮಿಸ್’ ಅನ್ನೋ ಹೆಣ್ಣುಮಕ್ಕಳ ದನಿ ಕಡಿಮೆ ಆಗ್ತಾ ಬಂತು.

ಎಲ್ಲಿಗೆ ಹೋದರು ಅಂತ ಹೇಳ್ತೀನಿ. ನಮ್ಮ ಕಡೆ ಆಗಸ್ಟಿನಿಂದ ಸೀಡ್ಸ್ ಹತ್ತಿ, ಅಂದ್ರೆ ಬೀಜಕ್ಕೆ ಬೆಳೆಯೋ ಹತ್ತಿ, ಕ್ರಾಸ್ ಮಾಡೋ ಕೆಲಸ. ಸಂಜೆ ಮೊಗ್ಗಿನ ಪಕಳೆ ಬಿಡಿಸಿ ಒಳಗಿನ ಕೇಸರವನ್ನು ಉಗುರಿನಿಂದ ಕಿತ್ತು ತೆಗೀಬೇಕು, ಮರುದಿನ ಬೆಳಿಗ್ಗೆ ಗಂಡು ಹೂವು ತಂದು ಅದಕ್ಕೆ ಸವರಬೇಕು. ಸಣ್ಣ ಬೆರಳೇ ಬೇಕು ಅಂತಾರೆ. ಸೆಪ್ಟೆಂಬರ್ 6ಕ್ಕೆ ಏಳನೇ ತರಗತಿ ತೆಗೆದಾಗ ನನ್ನ ಹಾಜರಿ ಪುಸ್ತಕದಲ್ಲಿ 31 ಹೆಸರು, ಬಂದವರು 19. ಬಾರದ ಹನ್ನೆರಡರಲ್ಲಿ ಒಂಬತ್ತು ಹುಡುಗಿಯರು. ಒಬ್ಬಳನ್ನು ಹುಡುಕಿಕೊಂಡು ಹೊಲಕ್ಕೇ ಹೋದೆ. ಹೆಬ್ಬೆರಳಿನ ಉಗುರು ಕರ್ರಗಾಗಿ ಪಕ್ಕದ ಚರ್ಮ ಸುಲಿದಿತ್ತು. ನನ್ನನ್ನು ನೋಡಿ ಕೈ ಹಿಂದಕ್ಕೆ ಇಟ್ಟುಕೊಂಡಳು. ‘ಅಕ್ಕೋರ, ಅಪ್ಪಗ ಕೆಲಸ ಇಲ್ರಿ’ ಅಂದಳು. ಅವರಪ್ಪ ಬೆಂಗಳೂರಿನ ಗೌಂಡಿ ಕೆಲಸ ಬಿಟ್ಟು ಬಂದು ಒಂದು ವರ್ಷದ ಮೇಲಾಗಿತ್ತು. ಇನ್ನೊಬ್ಬಳದು ನಿಶ್ಚಯವೇ ಆಗಿಹೋಗಿತ್ತು, ಹದಿಮೂರು ವರ್ಷ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ಮನೆಯವರು ನನ್ನ ಜೊತೆ ಈಗಲೂ ಮಾತಾಡಲ್ಲ, ಆದರೆ ಮದುವೆ ನಿಂತಿತು, ಹುಡುಗಿ ತರಗತಿಯಲ್ಲಿದ್ದಾಳೆ. ಹನ್ನೆರಡರಲ್ಲಿ ಏಳು ಜನರನ್ನು ವಾಪಸ್ ತಂದಿದ್ದೀನಿ. ಐದು ಜನರ ಮನೆಗೆ ಇನ್ನೂ ಓಡಾಡ್ತಿದ್ದೀನಿ.

ನಿಮ್ಮ ಮನೆಯಲ್ಲಿ ಹಾಗಾಗಲ್ಲ, ಗೊತ್ತು. ನಿಮ್ಮ ಮಗಳ ವಯಸ್ಸಿನವರದು ಬೇರೆ ನಷ್ಟ, ಅದು ಬೇಗ ಕಣ್ಣಿಗೆ ಕಾಣಲ್ಲ. ಹೋದ ತಿಂಗಳು ಮನೆ ಭೇಟಿಗೆ ಹೋದಾಗ ಮೂರನೇ ತರಗತಿಯ ಹುಡುಗನ ಕೈಗೆ ಸ್ಲೇಟು ಕೊಟ್ಟು ‘ಅಪ್ಪ’ ಅಂತ ಬರಿ ಅಂದೆ. ‘ಅಪ’ ಅಂತ ಬರೆದ. ‘ಕೆಳಗ ಏನೋ ಬರಬೇಕಲ್ಲಪ್ಪ’ ಅಂದೆ. ಸ್ಲೇಟನ್ನು ಎತ್ತಿ ಅದರ ಕೆಳಗೆ ನೋಡಿದ. ಅದೇ ಹುಡುಗ ಒಂದನೇ ತರಗತಿಯಲ್ಲಿ ನಲಿ-ಕಲಿ ಕಾರ್ಡು ಹಿಡಿದು ಒತ್ತಕ್ಷರ ಓದ್ತಿದ್ದ, ನಾನೇ ಓದಿಸಿದ್ದು. ಅವನ ಮನೆಯಲ್ಲಿ ಇರೋದು ಒಂದೇ ಫೋನು, ಅದು ಅಣ್ಣನ ಜೇಬಿನಲ್ಲಿ ಗದ್ದೆಗೆ ಹೋಗುತ್ತೆ. ಚಂದನ ಟಿವಿಯಲ್ಲಿ ಸಂವೇದ ಅಂತ ಶಾಲೆಯ ಪಾಠ ಬರುತ್ತೆ, ಒಳ್ಳೆ ಪಾಠಗಳು. ಆದರೆ ಟಿವಿ ‘ನಿನ್ನದು ತಪ್ಪು, ಇನ್ನೊಂದು ಸಲ ಬರಿ’ ಅನ್ನಲ್ಲ.

ಇದು ನಮ್ಮೂರೊಂದರ ಕಥೆ ಅಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ ಎರಡರಿಂದ ಆರನೇ ತರಗತಿಯ 16,067 ಮಕ್ಕಳನ್ನು ಪರೀಕ್ಷಿಸಿದರು. ಶೇ 92ರಷ್ಟು ಮಕ್ಕಳು ಭಾಷೆಯಲ್ಲಿ ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ಸಾಮರ್ಥ್ಯ ಕಳಕೊಂಡಿದ್ದರು, ಗಣಿತದಲ್ಲಿ ಶೇ 82ರಷ್ಟು. ಅದೂ ಎರಡನೇ ಅಲೆಗೆ ಮುಂಚಿನ ಲೆಕ್ಕ.

ರೋಗದ ಭಯದ ಬಗ್ಗೆ ಒಂದು ಮಾತು. ಈ ಜೂನ್-ಜುಲೈನಲ್ಲಿ ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) ದೇಶದ ಬೇರೆ ಬೇರೆ ಕಡೆ ರಕ್ತ ಪರೀಕ್ಷೆ ಮಾಡಿದಾಗ 6ರಿಂದ 9 ವರ್ಷದ ಮಕ್ಕಳಲ್ಲಿ ಶೇ 57.2ರಷ್ಟು ಮಂದಿಯಲ್ಲಿ ಕೊರೊನಾದ ಪ್ರತಿಕಾಯ ಸಿಕ್ಕಿತು. ಯೋಚನೆ ಮಾಡಿ ತಂಗಿ, ಆ ಮಕ್ಕಳ ಶಾಲೆ ಮುಚ್ಚಿ ಒಂದು ವರ್ಷದ ಮೇಲಾಗಿತ್ತು. ಆದರೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸೋಂಕು ಬಂದುಹೋಗಿತ್ತು. ಸಂತೆಯಿಂದ, ಮದುವೆಯಿಂದ, ದೊಡ್ಡವರಾದ ನಾವೇ ತಂದು ಕೊಟ್ಟಿದ್ದೆವು. ತೆಗೆಯೋದಾದರೆ ಸಣ್ಣ ಮಕ್ಕಳ ಶಾಲೆ ಮೊದಲು ತೆಗೀಬಹುದು ಅಂತ ಐಸಿಎಂಆರ್ ಮುಖ್ಯಸ್ಥರೇ ಜುಲೈನಲ್ಲಿ ಹೇಳಿದ್ದರು. ನಾವು ದೊಡ್ಡವರನ್ನು ಮೊದಲು ಕರೆದೆವು, ಸಣ್ಣವರನ್ನು ಕೊನೆಗೆ ಉಳಿಸಿದೆವು. ಇದು ನನಗೆ ಇವತ್ತಿಗೂ ಒಪ್ಪಿಗೆ ಆಗಿಲ್ಲ.

ನೀವು ಕೇಳಬೇಕಾದ್ದು ಮೂರೇ. ಪಾಠ ಮಾಡೋ ಎಲ್ಲರಿಗೂ ಎರಡು ಡೋಸ್ ಆಗಿದೆಯಾ, ಕಿಟಕಿ ತೆರೆದಿರುತ್ತಾ, ಕುಡಿಯೋ ನೀರಿನ ಲೋಟ ಬೇರೆ ಬೇರೆಯಾ. ಮೊದಲ ವಾರ ಹೇಗೂ ಅರ್ಧ ದಿನ, ಆ ವಾರದಲ್ಲೇ ಎಲ್ಲ ತಿಳಿಯುತ್ತೆ. ನಾನಾದರೆ ಕಳಿಸ್ತೀನಿ.

ರಾಯಚೂರಿನಿಂದ ಒಬ್ಬ ತಂದೆ

ಮೇಡಂ ಬರೆದಿದ್ದನ್ನು ಎರಡು ಸಲ ಓದಿದೆ. ಆದರೆ ನಾನು ಚಿಕ್ಕವನನ್ನು ಕಳಿಸ್ತಿಲ್ಲ, ಯಾಕೆ ಅಂತ ಹೇಳ್ತೀನಿ. ಅವನಿಗೆ ಏಳು ವರ್ಷ, ಮೂತ್ರದಲ್ಲಿ ಪ್ರೊಟೀನ್ ಹೋಗೋ ಕಿಡ್ನಿ ಕಾಯಿಲೆ, ಸ್ಟಿರಾಯ್ಡ್ ಮಾತ್ರೆ ನಡೀತಿದೆ. ಡಾಕ್ಟರು ‘ಡೋಸ್ ಕಡಿಮೆ ಆಗೋವರೆಗೂ ಎರಡು ತಿಂಗಳು ತಡೀರಿ’ ಅಂದರು. ಮಗುವಿಗೇ ಇಂಥ ಕಾಯಿಲೆ ಇದ್ದರೆ ಓಣಿಯವರ ಮಾತು, ನನ್ನ ಮಾತು ಯಾವುದೂ ಬೇಡ, ಡಾಕ್ಟರನ್ನೇ ಕೇಳಿ.

ದೊಡ್ಡ ಮಗಳು ಒಂಬತ್ತನೇ ತರಗತಿ, ಅವಳನ್ನು ಆಗಸ್ಟ್ 23ರಿಂದಲೇ ಕಳಿಸ್ತಿದ್ದೀವಿ. ಬಂದ ಕೂಡಲೇ ಸ್ನಾನ ಮಾಡಿ ತಮ್ಮನ ಹತ್ತಿರ ಬರ್ತಾಳೆ. ಮನೆಯಲ್ಲಿ ದೊಡ್ಡವರೆಲ್ಲರಿಗೂ ಎರಡು ಡೋಸ್ ಆಗಿದೆ. ಚಿಕ್ಕವನಿಗೆ ಶಾಲೆಯ ಸರ್ ವಾರಕ್ಕೊಮ್ಮೆ ಪಾಠ ಬರೆದುಕೊಡೋಕೆ ಒಪ್ಪಿದ್ದಾರೆ.

ಇನ್ನೊಂದು ವಿಷಯ ಆಸ್ಪತ್ರೆಯಲ್ಲಿ ಕಲಿತಿದ್ದು. ಮಗುವಿಗೆ ಕೋವಿಡ್ ಬಂದು ಹೋದ ಎರಡರಿಂದ ಆರು ವಾರದೊಳಗೆ ಮತ್ತೆ ಜೋರು ಜ್ವರ ಬಂದು, ಕಣ್ಣು ಕೆಂಪಾಗಿ, ಮೈಮೇಲೆ ಗಂಧೆ ಎದ್ದು, ಹೊಟ್ಟೆನೋವು ವಾಂತಿ ಆದರೆ ಮನೆಮದ್ದು ಮಾಡ್ತಾ ಕೂರಬೇಡಿ. ಅಪರೂಪ, ಆದರೆ ಅವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಬೇಕು.

ಕೊಪ್ಪಳದಿಂದ ಒಬ್ಬ ಅಜ್ಜ

ಯವ್ವಾ, ನೀವೆಲ್ಲಾ ಯಾರ ಸಲುವಾಗಿ ಅಂಜೀರೋ ಆ ಮುದುಕರೊಳಗ ನಾನೂ ಒಬ್ಬ. 71 ವರ್ಷ, ಎದಿಯಾಗ ಸ್ಟೆಂಟ್ ಐತಿ. ಮೊಮ್ಮಗ ಆರನೇ ಇಯತ್ತೆ. ನನ್ನ ಮಗ ಅವನ್ನ ಸಾಲಿಗಿ ಕಳಸಲಾರದ ಕುಂತಿದ್ದ. ಕಾರಣ ಏನಂತ ನನ್ನ ಮುಂದ ಯಾರೂ ಹೇಳಲಿಲ್ಲ, ಆದ್ರ ನನಗ ಗೊತ್ತಾಗತಿತ್ತು. ನಾ ಪಡಸಾಲ್ಯಾಗ ಬಂದ್ರ ಮಾತು ನಿಲ್ಲಸ್ತಿದ್ರು. ಕೂಸು ಇಡೀ ದಿನ ಮೊಬೈಲ್ ಹಿಡ್ಕೊಂಡು ಮೂಲ್ಯಾಗ ಕುಂದರತಿತ್ತು. ಅದನ್ನ ನೋಡ್ಕೊಂತ ನನ್ನ ಸಲುವಾಗೇ ಇದು ಅಂತ ಕುಂದ್ರೂದು ಭಾಳ ಭಾರ ಆಗತೈತಿ ನೋಡವ್ವ.

ಒಂದಿನ ನಾನೇ ಮಗನ್ನ ಕರದು ಹೇಳಿದೆ. ಎರಡೂ ಸೂಜಿ ಹಾಕ್ಕೊಂಡೀನಿ, ರಾತ್ರಿ ಹೊರಗ ಕಟ್ಟಿ ಮ್ಯಾಲೆ ಮಲಗತೀನಿ, ಹುಡುಗನ್ನ ಕಳಸು ಅಂದೆ. ಈಗ ಒಂದು ತಿಂಗಳಾತು. ಸಾಲಿಂದ ಬಂದು ಕೈಕಾಲು ತೊಳಕೊಂಡು, ಮಾಸ್ಕ್ ತಗೀಲಾರದನ ಅಂಗಳದಾಗಿಂದ ಪಾಠ ಓದಿ ಹೇಳತಾನ, ನಾ ಕಟ್ಟಿ ಮ್ಯಾಲಿಂದ ಕೇಳತೀನಿ.

ನಿಮ್ಮತ್ತೀನ ಕೇಳೀರೇನವ್ವ? ಅಕಿ ಬಗ್ಗೆ ಎಲ್ಲಾರೂ ಮಾತಾಡಾಕತ್ತೀರಿ. ಅಕಿನ್ನೊಮ್ಮೆ ಕೇಳ್ರಿ.

ಸಿಂಧನೂರಿನ ತಾಯಿ, ಮೂರು ದಿನದ ನಂತರ

ಎಲ್ಲರಿಗೂ ಕೈ ಮುಗಿದು ಹೇಳ್ತೀನಿ, ಉಪಕಾರ ಆಯ್ತು. ಅಜ್ಜಾರೆ, ನಿಮ್ಮ ಮಾತು ಓದಿದ ರಾತ್ರಿಯೇ ಅತ್ತೆಯನ್ನು ಕೇಳಿದೆ. ಜೋಳ ಹಸನು ಮಾಡ್ತಾ ಕೂತಿದ್ದರು. ಮೊರ ಕೆಳಗಿಟ್ಟು, ‘ನನ್ನ ಸಲುವಾಗಿ ಕೂಸಿನ ಸಾಲಿ ನಿಲ್ಲಿಸೀರೇನು?’ ಅಂದರು. ನಾನು ಸುಮ್ಮನಿದ್ದೆ. ಬಹಳ ಹೊತ್ತಿನ ಮೇಲೆ, ‘ಮುಂಜಾನೆ ಕರಕೊಂಡು ಹೋಗು, ಆ ಸೂಜಿ ಹಾಕಸು’ ಅಂದರು. ಎರಡು ಡೋಸ್ ನಡುವೆ ಬಿಡಬೇಕಿದ್ದ 84 ದಿನ ಮುಗಿದು ಹೋಗಿತ್ತು, ಮರುದಿನವೇ ಹಾಕಿಸಿದೆ. ಈ ಸಲ ಒಂದೇ ರಾತ್ರಿ ಮೈ ಬೆಚ್ಚಗಾಗಿತ್ತು, ಒಂದು ಪ್ಯಾರಾಸಿಟಮಾಲ್‌ಗೆ ಇಳಿಯಿತು. ಅದರ ಬಲ ಬರೋಕೆ ಎರಡು ವಾರ ಬೇಕಂತೆ. ಅಲ್ಲಿವರೆಗೆ ಮಗಳು ನನ್ನ ಪಕ್ಕ ಮಲಗ್ತಾಳೆ, ಅಜ್ಜಿ ಪಕ್ಕ ಅಲ್ಲ ಅಂತ ಮಾಡಿದ್ದೀವಿ. ಅದಕ್ಕೆ ಇಬ್ಬರೂ ಮುಖ ಸಣ್ಣ ಮಾಡಿಕೊಂಡಿದ್ದಾರೆ.

ಕುಷ್ಟಗಿ ಅಕ್ಕೋರೆ, ನಿಮ್ಮ ಸ್ಲೇಟಿನ ಮಾತು ಓದಿ ನನ್ನ ಮಗಳ ಕೈಯಲ್ಲೂ ಬರೆಸಿದೆ. ‘ಅಕ್ಕ’ ಬಂತು, ‘ಅಜ್ಜಿ’ ಬರಲಿಲ್ಲ.

ಯಜಮಾನರು ಇನ್ನೂ ಸಹಿ ಮಾಡಿಲ್ಲ. ಆದರೆ ನಿನ್ನೆ ತಾವಾಗಿಯೇ ಹೋಗಿ ಶಾಲೆ ನೋಡಿ ಬಂದರು. ಟೀಚರುಗಳಿಗೆಲ್ಲ ಎರಡು ಡೋಸ್ ಆಗಿದೆಯಂತೆ. ಮೂರನೇ ತರಗತಿ ಕೋಣೆಗೆ ಇರೋದೇ ಎರಡು ಕಿಟಕಿ. ಒಂದು ತುಕ್ಕು ಹಿಡಿದು ತೆಗೆಯೋಕೆ ಬರೋದಿಲ್ಲ. ಇವತ್ತು ರೈಸ್ ಮಿಲ್ಲಿನಿಂದ ಎಣ್ಣೆ ಡಬ್ಬಿ, ಸುತ್ತಿಗೆ ತಗೊಂಡು ಮತ್ತೆ ಶಾಲೆಗೆ ಹೋಗಿದ್ದಾರೆ. ಒಪ್ಪಿಗೆ ಪತ್ರ ಈಗ ಟಿವಿ ಕೆಳಗಿಲ್ಲ, ಅವರ ಅಂಗಿ ಜೇಬಿನಲ್ಲಿದೆ.