ಶನಿವಾರದ ಕಾರುಗಳು: ಮೂರನೇ ಅಡ್ಡರಸ್ತೆ ಮತ್ತು ಬೆಟ್ಟ ಹತ್ತುವವರು

ಮಂಗಳೂರಿನ ಪಡೀಲ್ ಕಡೆಯ ನಮ್ಮ ಬಡಾವಣೆ, ನಿವಾಸಿಗಳ ಗುಂಪು

ಕಾರ್ಯದರ್ಶಿ
ಈ ಶನಿವಾರವೂ ಮೂರನೇ ಅಡ್ಡರಸ್ತೆಯಲ್ಲಿ 11 ಕಾರು, 6 ಬೈಕು. ಬೆಳಗಿನ ಜಾವ 3 ಗಂಟೆಗೆ ಟಿಟಿ (ಟೆಂಪೊ ಟ್ರಾವೆಲರ್) ಬಂದು ಹಾರ್ನ್ ಹೊಡೆಯುತ್ತದೆ, ಜನ ಅದರಲ್ಲಿ ಬೆಟ್ಟ ಹತ್ತಲು ಘಟ್ಟಕ್ಕೆ ಹೋಗುತ್ತಾರೆ, ಅವರ ಗಾಡಿಗಳು ರಾತ್ರಿ 9ರವರೆಗೆ ಇಲ್ಲೇ. ಮನೆ 18ರ ಎದುರಿನ ಚರಂಡಿ ಸ್ಲ್ಯಾಬು ನಡುವೆ ಒಡೆದು ರಾಡು ಹೊರಗೆ ಬಂದಿದೆ. ಬೈಗುಳ ಬೇಡ, ಏನು ಮಾಡಬಹುದು ಅಂತ ಬರೆಯಿರಿ.

ಮನೆ 18
ಟೇಪು ಹಿಡಿದು ಅಳೆದಾಯಿತು. ಟಾರು 5.6 ಮೀಟರ್. ಸಾಧಾರಣ ಕಾರಿನ ಅಗಲ ಕನ್ನಡಿ ಬಿಟ್ಟು 1.7. ಒಂದೇ ಬದಿ ನಿಲ್ಲಿಸಿದರೆ 3.9 ಉಳಿಯುತ್ತದೆ, ತೊಂದರೆ ಇಲ್ಲ. ಎರಡೂ ಬದಿ ನಿಲ್ಲಿಸಿದರೆ 2.2. ಫೈರ್ ಇಂಜಿನ್ ಅಗಲವೇ ಎರಡೂವರೆ. ಜಾಗ ಸಾಲದು ಅಂತ ಕಾರಿನವರಿಗೂ ಗೊತ್ತು, ಅದಕ್ಕೇ ಎಡಗಡೆ ಚಕ್ರ ಎರಡನ್ನೂ ಸ್ಲ್ಯಾಬಿನ ಮೇಲೆ ಹತ್ತಿಸುವುದು. ಅದು ನಡೆಯುವವರ ಭಾರಕ್ಕೆ ಹಾಕಿದ ಮೂರಿಂಚಿನ ಸ್ಲ್ಯಾಬು. ಕೆಳಗೆ ಟೊಳ್ಳು, ಆಧಾರ ಇರುವುದು ಎರಡು ತುದಿಯಲ್ಲಿ ಮಾತ್ರ. ಚಕ್ರ ನಿಂತದ್ದು ಸರೀ ನಡುವಿನಲ್ಲಿ.

ಮನೆ 4
ಎರಡು ಕಂಬ, ಒಂದು ಚೈನು, ಒಂದು ಬೀಗ. ಇಷ್ಟು ದೊಡ್ಡ ಚರ್ಚೆ ಎಂತಕ್ಕೆ ಮಾರಾಯ್ರೆ?

ಮನೆ 9
ಚೈನು ಆಗುವುದಿಲ್ಲ ಅಣ್ಣ. ಅದು ಸಾರ್ವಜನಿಕ ರಸ್ತೆ, ಚೈನು ಹಾಕಿದರೆ ತಪ್ಪಿತಸ್ಥರು ನಾವೇ. ಹೂಕುಂಡ, ಕಲ್ಲು ಇಡುವುದೂ ಹಾಗೆಯೇ. ಆದರೆ ಮೋಟಾರು ವಾಹನ ಕಾಯ್ದೆ 1988ರ 127ನೇ ಕಲಮು ಉಂಟು: ಸಾರ್ವಜನಿಕ ಜಾಗದಲ್ಲಿ ವಾಹನವನ್ನು 10 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಯಾರೂ ಇಲ್ಲದೆ ಬಿಟ್ಟರೆ ಎತ್ತಿಸಲು, ಚಕ್ರಕ್ಕೆ ಲಾಕು ಹಾಕಿಸಲು ಪೊಲೀಸರಿಗೆ ಅಧಿಕಾರ ಇದೆ. ಬೆಳಿಗ್ಗೆ 3ರಿಂದ ರಾತ್ರಿ 9 ಅಂದರೆ 18 ಗಂಟೆ. ಸಂಚಾರ ಠಾಣೆಗೆ ಅರ್ಜಿ ಕೊಡುವಾಗ ಬರೀ ಫೋಟೋ ಸಾಲದು. ಒಂದೇ ಗಾಡಿಯ ಎರಡು ಫೋಟೋ ಬೇಕು, 10 ಗಂಟೆಗಿಂತ ಹೆಚ್ಚು ಅಂತರದಲ್ಲಿ, ನಂಬರ್ ಪ್ಲೇಟು ಮತ್ತು ಹಿಂದಿನ ಗೇಟು ಎರಡೂ ಕಾಣುವ ಹಾಗೆ.

ಮನೆ 22
ಅರ್ಜಿ ಕೊಡಿ, ಸರಿ. ಆದರೆ ಗಾಡಿ ಇಲ್ಲೇ ಯಾಕೆ ಬಂದು ನಿಲ್ಲುತ್ತದೆ ಅಂತ ತಿಳಿಯದಿದ್ದರೆ ಎರಡನೇ ಅಡ್ಡರಸ್ತೆಗೆ ಹೋಗಿ ನಿಲ್ಲುತ್ತದೆ, ಅಷ್ಟೇ.

ಗಡಾಯಿಕಲ್ಲು ಬೆಟ್ಟಕ್ಕೆ ಈ ತಲೆಬಿಸಿ ಇಲ್ಲ. ಹತ್ತಿದ ಮೆಟ್ಟಿಲಲ್ಲೇ ಇಳಿಯುವುದು, ಕಾರು ಬುಡದಲ್ಲಿ ಇರುತ್ತದೆ. ತಕರಾರು ಬರುವುದು ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವ ದಾರಿಗಳಲ್ಲಿ. ಬಲ್ಲಾಳರಾಯನ ದುರ್ಗದ ಕೋಟೆಯಿಂದ ಬಂಡಾಜೆ ಜಲಪಾತದ ಕಡೆ ಇಳಿಯುವ ದಾರಿ ತೆಗೆದುಕೊಳ್ಳಿ. ಮೇಲಿನ ತುದಿ ಮೂಡಿಗೆರೆ ತಾಲೂಕಿನ ಸುಂಕಸಾಲೆ ಕಡೆ, ಕೊಟ್ಟಿಗೆಹಾರ–ಕಳಸ ರಸ್ತೆಯಲ್ಲಿ. ಕೆಳಗಿನ ತುದಿ ನಮ್ಮ ಬೆಳ್ತಂಗಡಿ ತಾಲೂಕಿನಲ್ಲಿ. ನಡುವೆ ಇಡೀ ಚಾರ್ಮಾಡಿ ಘಾಟಿ. ಎರಡು ಕಾರಲ್ಲಿ 8 ಜನ ಹೋದರೆ ಮೇಲೆ 6 ಜನರನ್ನು ಇಳಿಸಿ, ಚಾಲಕರಿಬ್ಬರು ಎರಡೂ ಕಾರು ಕೆಳಗೆ ತಂದು, ಒಂದನ್ನು ಬಿಟ್ಟು ಇನ್ನೊಂದರಲ್ಲಿ ಪುನಃ ಘಾಟಿ ಹತ್ತಬೇಕು. ಸಂಜೆ ಕೆಳಗಿರುವುದು ಒಂದೇ ಕಾರು, 8 ಜನ ಹಿಡಿಯುವುದಿಲ್ಲ. ಮತ್ತೊಮ್ಮೆ ಘಾಟಿ. ಟಿಟಿ ಆದರೆ ಮೇಲೆ ಇಳಿಸಿ, ಖಾಲಿ ಕೆಳಗೆ ಬಂದು ಕಾಯುತ್ತದೆ. ಬೆಟ್ಟದ ಮಟ್ಟಿಗೆ ಅದೇ ಸರಿಯಾದ ಉಪಾಯ. ಅದರ ಬಾಲ ನಮ್ಮ ಓಣಿಯಲ್ಲಿ ಉಳಿಯುತ್ತದೆ ನೋಡಿ.

ಮನೆ 31
ಕೀ ಬದಲಾಯಿಸುವ ಪದ್ಧತಿ ಉಂಟಲ್ಲ? ಎರಡು ತಂಡ, ಎರಡು ತುದಿಯಿಂದ ಹೊರಟು, ನಡುವೆ ಸಿಕ್ಕಾಗ ಕಾರಿನ ಕೀ ಅದಲು ಬದಲು.

ಮನೆ 22
ಉಂಟು ಅಕ್ಕ. ಕೆಡುವುದು ಒಂದೇ ಜಾಗದಲ್ಲಿ: ಒಂದು ತಂಡ ಮಳೆಗೋ ಕಾಲು ಉಳುಕಿಯೋ ಹಿಂದೆ ತಿರುಗಿದರೆ ಇನ್ನೊಂದು ತಂಡ ಕೀ ಇಲ್ಲದ ಕಾರಿನ ಎದುರು ಬಂದು ನಿಲ್ಲುತ್ತದೆ. ಮೇಲೆ ನೆಟ್‌ವರ್ಕ್ ನಂಬುವ ಹಾಗಿಲ್ಲ. ಹಾಗಾಗಿ ಬದಲಾಯಿಸುವುದು ಬೆಟ್ಟದ ಮೇಲಲ್ಲ, ಹಿಂದಿನ ದಿನವೇ ಎರಡನೇ ಕೀ ಕೊಟ್ಟುಬಿಡುವುದು. ಇಷ್ಟು ಗಂಟೆಯೊಳಗೆ ಎದುರಾಗದಿದ್ದರೆ ಇಬ್ಬರೂ ಬಂದ ದಾರಿಯಲ್ಲೇ ವಾಪಸು ಅಂತ ಮೊದಲೇ ಮಾತಾಗಬೇಕು. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಟಿಕೆಟ್ ಮಾಡುವಾಗ ಯಾವ ತಂಡ ಯಾವ ಕಡೆಯಿಂದ ಹತ್ತುವುದು ಅಂತಲೂ ನೋಡಿಕೊಳ್ಳಬೇಕು.

ಮನೆ 4
ಸರಿ, ಆದರೆ ಮೂರು ಗಂಟೆಗೆ ಹಾರ್ನ್ ಯಾಕೆ?

ಮನೆ 9
ಕುದುರೆಮುಖ ಹತ್ತುವವರಾದರೆ ಆ ಮೂರು ಗಂಟೆಗೆ ಅರ್ಥವೇ ಇಲ್ಲ. ರಾಷ್ಟ್ರೀಯ ಉದ್ಯಾನದ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್. ಇಲ್ಲಿಂದ ಮೂಡುಬಿದಿರೆ, ಕಾರ್ಕಳ, ಬಜಗೋಳಿ ದಾಟಿ ಮಾಳ ಗೇಟಿಗೆ ಆ ಹೊತ್ತಿನಲ್ಲಿ ಎರಡು ಗಂಟೆ ಸಾಕು. 3ಕ್ಕೆ ಹೊರಟವರು ಗೇಟಿನಲ್ಲಿ ಒಂದು ಗಂಟೆ ನಿದ್ದೆ ಮಾಡುತ್ತಾರೆ, ಅದೂ ನಮ್ಮನ್ನು ಎಬ್ಬಿಸಿ. ನಾಲ್ಕಕ್ಕೆ ಹೊರಟರೆ ಧಾರಾಳ. ಗೇಟು ದಾಟಿದ ಮೇಲೆ ಕಾಡಿನ ನಡುವೆ ಎಲ್ಲಿಯೂ ನಿಲ್ಲಿಸುವ ಹಾಗಿಲ್ಲ, ಚಾ ಕಾಫಿ ಎಲ್ಲ ಬಜಗೋಳಿಯಲ್ಲೇ ಮುಗಿಸಬೇಕು. ಸಂಸೆ ಹತ್ತಿರ ಗಾಡಿ ಬಿಟ್ಟು, ನಡಿಗೆ ಶುರುವಾಗುವ ಮುಳ್ಳೋಡಿಗೆ ಅಲ್ಲಿನ ಜೀಪು ಹಿಡಿಯುವುದು. ತಳ ತಗ್ಗಿರುವ ಕಾರನ್ನು ಆ ಕಲ್ಲುದಾರಿಗೆ ಹತ್ತಿಸಿದರೆ ಇಂಜಿನ್ ಅಡಿಯ ಆಯಿಲ್ ತೊಟ್ಟಿಗೆ ಕಲ್ಲು ಬಡಿಯುತ್ತದೆ. ಸಂಜೆ ತಡವಾಗಿ ಗೇಟು ತಪ್ಪಿದರೆ ಕಳಸ, ಕೊಟ್ಟಿಗೆಹಾರ, ಚಾರ್ಮಾಡಿ ಸುತ್ತಿ ಬರಬೇಕು. ರಾತ್ರಿ ಒಂಬತ್ತು ಹನ್ನೊಂದಾಗುವುದು ಹೀಗೆ.

ಮನೆ 12
ಕುಮಾರ ಪರ್ವತ?

ಮನೆ 22
ಅಲ್ಲಿಗೆ ಕಾರೇ ಬೇಡ. ಸುಬ್ರಹ್ಮಣ್ಯಕ್ಕೆ ಮಂಗಳೂರಿನಿಂದ ಬಸ್ಸು ಉಂಟು, ರೈಲೂ ಉಂಟು. ಸ್ಟೇಷನ್ ಇರುವುದು ನೆಟ್ಟಣದಲ್ಲಿ, ದೇವಸ್ಥಾನಕ್ಕೆ ಅಲ್ಲಿಂದ 12 ಕಿ.ಮೀ. ಆಸುಪಾಸು. ಕಾರಲ್ಲೇ ಹೋಗುವವರು ಪಂಚಾಂಗ ನೋಡಲಿ, ಷಷ್ಠಿ ಅಥವಾ ಆಶ್ಲೇಷಾ ನಕ್ಷತ್ರ ಬಿದ್ದ ದಿನ ಪೇಟೆಯಲ್ಲಿ ಗಾಡಿ ಇಡಲು ಜಾಗ ಸಿಕ್ಕುವುದಿಲ್ಲ. ಇನ್ನೊಂದು ತುದಿ ಬೀದಹಳ್ಳಿ, ಸೋಮವಾರಪೇಟೆ ತಾಲೂಕು. ಬೆಟ್ಟದಲ್ಲಿ ಒಂದು ದಿನದ ನಡಿಗೆ, ರಸ್ತೆಯಲ್ಲಾದರೆ ಬಿಸಿಲೆ ಘಾಟಿ ಸುತ್ತಬೇಕು.

ಮ್ಯಾಪಿನ ವಿಷಯ ಒಂದು. ಶಿಖರದ ಹೆಸರು ಹಾಕಿದರೆ ಅದು ಶಿಖರಕ್ಕೆ ಹತ್ತಿರದ ಯಾವುದೋ ರಸ್ತೆಗೆ ಒಯ್ಯುತ್ತದೆ, ಹತ್ತುವ ಜಾಗಕ್ಕಲ್ಲ. ಕುಮಾರ ಪರ್ವತದಂಥ ಕಡೆ ಅದು ಬೇರೆ ಜಿಲ್ಲೆಯೇ ಆಗಬಹುದು. ಊರಿನ ಹೆಸರು ಹಾಕಿ, ಇಲ್ಲವೇ ಅಕ್ಷಾಂಶ–ರೇಖಾಂಶ ಕಳಿಸಿ. ದಶಮಾಂಶದ ನಂತರ ನಾಲ್ಕು ಅಂಕಿ ಇರಲಿ, ಸುಮಾರು 11 ಮೀಟರಿನೊಳಗೆ ತಲಪುತ್ತೀರಿ. ಮೂರೇ ಅಂಕಿ ಆದರೆ 110 ಮೀಟರ್ ಆಚೀಚೆ. ಅಷ್ಟರಲ್ಲಿ ಯಾರದ್ದೋ ಅಡಿಕೆ ತೋಟದೊಳಗೆ ಇರುತ್ತೀರಿ.

ಮನೆ 31
ಬುಡದಲ್ಲಿ ಗಾಡಿ ಇಡುವ ಬಗ್ಗೆಯೂ ಹೇಳಿ. ಇಲ್ಲಿ ನಾವು ಬೈಯುವ ಕೆಲಸವನ್ನೇ ಅಲ್ಲಿ ನಮ್ಮವರು ಮಾಡುತ್ತಾರೆ.

ಮನೆ 22
ತೋಟದ ಗೇಟು, ಬಸ್ಸು ತಿರುಗಿಸುವ ಜಾಗ, ಹಾಲಿನ ಡಿಪೋದ ಎದುರು, ಈ ಮೂರು ಕಡೆ ಬೇಡ. ಅಂಗಳ ಇರುವ ಮನೆಯವರನ್ನು ಕೇಳಿ, ದುಡ್ಡು ಕೊಟ್ಟು ಇಡಿ. ಮೂತಿ ಹೊರಗೆ ಮಾಡಿ ನಿಲ್ಲಿಸಿ, ಕತ್ತಲಲ್ಲಿ ರಿವರ್ಸ್ ತೆಗೆಯುವಾಗಲೇ ಚಕ್ರ ಚರಂಡಿಗೆ ಇಳಿಯುವುದು. ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕಿನ ಜೊತೆಗೆ ಗೇರು, ಚಕ್ರಕ್ಕೊಂದು ಕಲ್ಲು, ಹೊರಡುವಾಗ ಆ ಕಲ್ಲನ್ನು ಬದಿಗೆ ಎಸೆಯಲು ಮರೆಯಬಾರದು. ಮಳೆ ಬಿದ್ದ ಕೆಂಪು ಮಣ್ಣು ಬೆಳಿಗ್ಗೆ ಗಟ್ಟಿ ಕಂಡರೂ ಸಂಜೆಗೆ ಟೈರು ನುಂಗುತ್ತದೆ. ಬೇಸಿಗೆಯಲ್ಲಿ ಒಣಹುಲ್ಲಿನ ಮೇಲೆ ನಿಲ್ಲಿಸಲೇಬಾರದು, ಸೈಲೆನ್ಸರಿನ ಬಿಸಿಗೆ ಹುಲ್ಲು ಹೊತ್ತಿಕೊಳ್ಳುತ್ತದೆ.

ಕಾರ್ಯದರ್ಶಿ
ಹಾಗಾದರೆ ಟಿಟಿಯವರಿಗೆ ನಾವು ಹೇಳುವುದು ಎಂತ?

ಮನೆ 9
ಜನ ಟಿಟಿ ಹತ್ತುವ ಜಾಗ ಒಂದೇ ಇಡಬೇಡಿ ಅಂತ. ಚಾರ್ಮಾಡಿ ಕಡೆ ಹೋಗುವ ಗಾಡಿ ಬಿ.ಸಿ. ರೋಡ್, ಗುರುವಾಯನಕೆರೆ, ಉಜಿರೆ ಎಲ್ಲ ದಾಟಿಯೇ ಹೋಗಬೇಕು. ಬಂಟ್ವಾಳದವನು ಪಡೀಲಿಗೆ ಕಾರು ತಂದು, ಅದೇ ದಾರಿಯಲ್ಲಿ ವಾಪಸು ಹೋಗುವುದು ಯಾವ ಲೆಕ್ಕ? ಮಂಗಳೂರಿನವರು ಆಟೋದಲ್ಲಿ ಬರಲಿ. ಕಾರು ಬೇಕೇ ಬೇಕು ಅನ್ನುವವರು ಮಂಗಳೂರು ಜಂಕ್ಷನ್ ರೈಲ್ವೆ ಸ್ಟೇಷನ್ನಿನ ಪಾರ್ಕಿಂಗಿನಲ್ಲಿ ದುಡ್ಡು ಕೊಟ್ಟು ಇಟ್ಟು ಚೀಟಿ ತೆಗೆದುಕೊಳ್ಳಲಿ.

ಮನೆ 4
ಒಪ್ಪಿದೆ. ಚೈನು ಕ್ಯಾನ್ಸಲ್. ಆದರೆ ಎರಡು ವಾರ ನೋಡುವುದು, ಮೂರನೇ ಶನಿವಾರ ಅರ್ಜಿ.

ಕಾರ್ಯದರ್ಶಿ
ಆಯಿತು. ಟಿಟಿ ನಡೆಸುವ ಇಬ್ಬರಿಗೂ ಇವತ್ತೇ ಫೋನು ಮಾಡುತ್ತೇನೆ. ಮನೆ 9 ಅರ್ಜಿ ಬರೆದಿಡಿ, ಮನೆ 12 ಮತ್ತು 31 ಫೋಟೋ ನೋಡಿಕೊಳ್ಳಿ, ಬೆಳಿಗ್ಗೆ 6ಕ್ಕೊಂದು, ಸಂಜೆ 5ಕ್ಕೊಂದು.

ಮನೆ 18
ಸ್ಲ್ಯಾಬಿಗೆ ಮೇಸ್ತ್ರಿ ಅಳತೆ ತೆಗೆದುಕೊಂಡು ಹೋದರು. ಈ ಸಲ ಐದಿಂಚು ದಪ್ಪ. ಹಾಕುವುದು ನಮ್ಮ ಅಂಗಳದಲ್ಲೇ, ಏಳು ದಿನ ಗೋಣಿ ಹೊದಿಸಿ ನೀರು ಹಾಕಿದ ಮೇಲೆ ಕೂರಿಸುವುದು. ಅಲ್ಲಿವರೆಗೆ ಹೊಂಡದ ಮೇಲೆ ಹಲಗೆ ಇದೆ, ಶಾಲೆ ಮಕ್ಕಳನ್ನು ಆಚೆ ಬದಿಯಿಂದ ಕಳಿಸಿ.