ಮಾವಿನ ಮರ, ಮುರಕಲ್ಲಿನ ಮೇಲಿನ ಜರೀಗಿಡ: ಎರಡು ಬಗೆಯ ಎಲೆಗಳಿವೆ, ಗುರುತಿಸಲು ನೆರವು ಬೇಕು

ಪ್ರಶ್ನೆ: ಸಾಗರದ ಬಳಿಯ ನಮ್ಮ ತೋಟದ ಹಳೆಯ ಮಾವಿನ ಮರದ ಕವಲುಗಳಲ್ಲಿಯೂ ಅದರ ಕೆಳಗಿನ ಮುರಕಲ್ಲಿನ ಮೇಲೂ ಒಂದೇ ಬಗೆಯ ಜರೀಗಿಡ ಹಬ್ಬಿದೆ. ಬುಡದಲ್ಲಿ ಅಂಗೈಯಗಲದ, ಕಂದುಬಣ್ಣದ, ಕಾಗದದಂತಹ ಎಲೆಗಳಿವೆ. ಮಳೆಗಾಲದಲ್ಲಿ ಅವುಗಳ ನಡುವಿನಿಂದ ಆಳವಾಗಿ ಸೀಳಿದ ಉದ್ದನೆಯ ಹಸಿರು ಎಲೆಗಳು ಮೇಲೇಳುತ್ತವೆ. ಮೊಬೈಲ್ ಆ್ಯಪ್ ಇದನ್ನು ಹಕ್ಕಿಗೂಡು ಜರೀಗಿಡ ಎನ್ನುತ್ತದೆ. ಬೇಸಿಗೆಯಲ್ಲಿ ಹಸಿರೆಲ್ಲ ಉದುರಿ ಬರೀ ಕಡ್ಡಿಗಳು ಉಳಿಯುವುದನ್ನು ಕಂಡು, ರೋಗವಿರಬೇಕೆಂದು ಎರಡು ವರ್ಷ ಕಂದು ಎಲೆಗಳನ್ನು ಕಿತ್ತು ಹಾಕಿದೆ. ಗಿಡ ಇನ್ನಷ್ಟು ಸೊರಗಿತು. ಇದು ಬಂದಳಿಕೆಯಂತೆ ಮರದ ರಸ ಹೀರುತ್ತದೆಯೇ?

ಉತ್ತರ: ತಾವು ವರ್ಣಿಸಿರುವುದು ಬಹುಮಟ್ಟಿಗೆ ಡ್ರೈನೇರಿಯಾ ಕ್ವೆರ್ಸಿಫೋಲಿಯಾ. ಓಕ್ ಮರದ ಎಲೆಯನ್ನು ಹೋಲುವ ಆ ಕಂದು ಎಲೆಗಳಿಂದಲೇ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದಕ್ಕೆ ಈ ಹೆಸರಿನ ಉತ್ತರಾರ್ಧವನ್ನು ಕೊಟ್ಟನು. ಈಚಿನ ಕೆಲವು ಪಟ್ಟಿಗಳಲ್ಲಿ ಇದೇ ಗಿಡ ಅಗ್ಲಾವೊಮಾರ್ಫಾ ಕ್ವೆರ್ಸಿಫೋಲಿಯಾ ಎಂದಿರುವುದರಿಂದ, ಎರಡು ಹೆಸರು ಕಂಡರೆ ಎರಡು ಗಿಡಗಳೆಂದು ತಿಳಿಯಬಾರದು. ಕಂದು ಎಲೆ ರೋಗದ ಎಲೆಯಲ್ಲ. ಅದು ತೊಟ್ಟಿಲ್ಲದೆ ಕಾಂಡಕ್ಕೆ ಒತ್ತಿ ನಿಂತು, ಉದುರಿ ಬಿದ್ದ ತರಗು, ಧೂಳು ಮತ್ತು ನೀರನ್ನು ಹಿಡಿದಿಡುವ ಬುಟ್ಟಿ. ಅಲ್ಲಿ ಕೊಳೆತು ಆದ ಗೊಬ್ಬರವೇ ಬೇರಿನ ಆಹಾರ. ತಾವು ಕಿತ್ತದ್ದು ಗಿಡದ ಗೊಬ್ಬರಗುಂಡಿಯನ್ನೇ. ಮರದ ರಸಕ್ಕೆ ಇದು ಬಾಯಿ ಹಾಕುವುದಿಲ್ಲ, ಬಂಡೆಯ ಮೇಲೂ ಬೆಳೆಯುತ್ತಿರುವುದೇ ಇದಕ್ಕೆ ಸಾಕ್ಷಿ.

ಆದರೂ ಹಸಿರು ಎಲೆಯನ್ನು ಮಗುಚಿ ನೋಡದೆ ಖಚಿತವಾಗಿ ಹೇಳಲಾಗದು. ಹಕ್ಕಿಗೂಡು ಜರೀಗಿಡದ ಎಲೆ ಸೀಳಿಲ್ಲದ ಪಟ್ಟಿ, ಅದರ ಬೀಜಕಣಗಳು ನರಗಳುದ್ದಕ್ಕೂ ಗೆರೆಗೆರೆಯಾಗಿರುತ್ತವೆ. ಡ್ರೈನೇರಿಯಾದಲ್ಲಾದರೋ ಬೀಜಕಣಗಳ ಗುಂಪುಗಳು ಮುಚ್ಚಳವಿಲ್ಲದ ಸಣ್ಣ ದುಂಡು ಚುಕ್ಕೆಗಳಾಗಿ, ಪಕ್ಕದ ಎರಡು ನರಗಳ ನಡುವೆ ಎರಡೆರಡು ಸಾಲಾಗಿ ಕಾಣಬೇಕು. ಕಾಂಡ ಬೆರಳಿಗಿಂತ ದಪ್ಪವಾಗಿ, ಕಂದು ಹೊಟ್ಟಿನ ರೋಮಗಳಿಂದ ಮುಚ್ಚಿರಬೇಕು; ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಈ ಕಾಂಡವನ್ನೇ ಮುಡವಾಟ್ಟುಕಾಲ್ ಎಂದು ಸಾರು ಮಾಡಲು ಮಾರುತ್ತಾರೆ, ನೋಡಲು ಕುರಿಯ ಕಾಲಿನಂತೆಯೇ ಇರುತ್ತದೆ.

ಪ್ರಶ್ನೆ ಕೇಳಿದವರು: ನೋಡಿದೆ. ದುಂಡು ಚುಕ್ಕೆಗಳು ಎರಡೆರಡು ಸಾಲಿನಲ್ಲಿಯೇ ಇವೆ, ಕಾಂಡವೂ ರೋಮಮಯ. ಹಾಗಾದರೆ ಬೇಸಿಗೆಯ ಕಡ್ಡಿಗಳು?

ಉತ್ತರ: ಹಸಿರು ಎಲೆಯ ಸೀಳುಗಳು ಒಣಹವೆಯಲ್ಲಿ ಕಳಚಿ ಬಿದ್ದು ನಡುನರ ಮಾತ್ರ ಉಳಿಯುವುದು ಇದರ ಸಹಜ ಸ್ವಭಾವ, ನೀರು ಹಾಕುವ ಅಗತ್ಯವಿಲ್ಲ. ಬುಡದ ತರಗನ್ನು ಗುಡಿಸದೆ ಬಿಡಿ, ಮುಂಗಾರಿನ ನಂತರ ಹೊಸ ಬುಟ್ಟಿಯೆಲೆ ಮೊದಲು ಹಸಿರಾಗಿಯೇ ಮೂಡುವುದನ್ನು ತಾವೇ ನೋಡುವಿರಿ.